ಕನ್ನಡಿಯ ಗೀರು

ನಮ್ಮ ಮನೆಯ ನಡುಮನೆಯ ಗೋಡೆಗೂಡಿನಲ್ಲಿ ಆರು ಅಂಗುಲ ವ್ಯಾಸದ ಒಂದು ದುಂಡು ಕನ್ನಡಿಯಿದೆ. ಮುಖ ನೋಡಿಕೊಳ್ಳುವ ಕನ್ನಡಿಯಲ್ಲ, ದೂರದರ್ಶಕದ ಕನ್ನಡಿ. ಮನೆಗೆ ಬಂದ ಬಂಧುಗಳು ಅದೇನೆಂದು ಕೇಳಿದರೆ, "ನಮ್ಮ ಮಗಳು ಸಣ್ಣವಳಿದ್ದಾಗ ಮಾಡಿದ್ದು" ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಅದರ ಮೈಮೇಲೆ ಕೂದಲೆಳೆಯಷ್ಟು ಸಣ್ಣದಾದ ಒಂದು ಗೀರು ಕಾಣುತ್ತದೆ. ಆ ಗೀರಿನ ಸಂಗತಿಯನ್ನು ಇಪ್ಪತ್ತೆಂಟು ವರ್ಷ ನಾನು ಯಾರೊಡನೆಯೂ ಆಡಿರಲಿಲ್ಲ. ಈಗ ಆಡಬೇಕಾದ ಪ್ರಸಂಗ ಬಂದಿದೆ. ಓದುಗ ಬಂಧುಗಳು ಇದನ್ನು ಮಕ್ಕಳ ಸಾಧನೆಯನ್ನು ಮೆರೆಸುವ ಲೇಖನವೆಂದು ಭಾವಿಸದೆ, ಒಬ್ಬ ತಂದೆಯ ತಪ್ಪೊಪ್ಪಿಗೆಯೆಂದು ಓದಬೇಕಾಗಿ ವಿನಂತಿ.

ನಾನು ಗದಗದ ಕಡೆಯವನು. ಹೈಸ್ಕೂಲಿನ ವಿಜ್ಞಾನ ಶಿಕ್ಷಕನಾಗಿ ದಕ್ಷಿಣ ಕನ್ನಡಕ್ಕೆ ಬಂದಾಗ, ನಾಲ್ಕಾರು ವರ್ಷ ಕಳೆದು ಊರಿಗೆ ವರ್ಗ ಮಾಡಿಸಿಕೊಂಡು ಹೋಗುವ ವಿಚಾರವಿತ್ತು. ಆದರೆ ಬಂಟ್ವಾಳದಲ್ಲಿ ಒಂಬತ್ತು ವರ್ಷ, ಬೆಳ್ತಂಗಡಿಯಲ್ಲಿ ಆರು ವರ್ಷ, ಮೂಡುಬಿದಿರೆಯಲ್ಲಿ ಒಂಬತ್ತು ವರ್ಷ, ಹೀಗೆ ಸೇವೆಯೆಲ್ಲ ಈ ಸೀಮೆಯಲ್ಲಿಯೇ ಸವೆದು, 2008ರಲ್ಲಿ ನಿವೃತ್ತನಾಗಿ ಮೂಡುಬಿದಿರೆಯಲ್ಲಿಯೇ ನೆಲೆ ನಿಂತೆ. ಮನೆಯೊಳಗೆ ಜೋಳದ ರೊಟ್ಟಿ, ಹೊರಗೆ ಕುಚ್ಚಲಕ್ಕಿ ಗಂಜಿ. ಮನೆಯೊಳಗೆ ನಮ್ಮ ಬಯಲುಸೀಮೆಯ ಮಾತು, ಅಂಗಡಿಬೀದಿಯಲ್ಲಿ ತುಳು. ನನ್ನ ಮಗಳು ಈ ಎರಡರ ನಡುವೆ ಬೆಳೆದಳು. ಊರಿನಿಂದ ಬಂದ ನನ್ನ ತಾಯಿ, "ಈ ಕೂಸಿನ ಮಾತಿನ್ಯಾಗ ಅರ್ಧಾ ಮಳೀ ನೀರು ಸೇರೇತಿ" ಎಂದು ನಗುತ್ತಿದ್ದರು.

ಬಯಲುಸೀಮೆಯಿಂದ ಬಂದವನಿಗೆ ಇಲ್ಲಿ ಮೊದಲು ಕಾಡಿದ ಕೊರತೆ ಆಕಾಶದ್ದು. ನಮ್ಮ ಊರಿನಲ್ಲಿ ಮಾಳಿಗೆಯ ಮೇಲೆ ಮಲಗಿದರೆ ದಿಗಂತದಿಂದ ದಿಗಂತದವರೆಗೆ ನಕ್ಷತ್ರಗಳೇ. ಇಲ್ಲಿ ತೆಂಗು, ಅಡಿಕೆ, ಹಲಸುಗಳ ನಡುವೆ ಒಂದು ಅಂಗಳದಷ್ಟು ಆಕಾಶ. ಜೂನ್ ಮೊದಲ ವಾರದಿಂದ ನಾಲ್ಕು ತಿಂಗಳು ಅದೂ ಇಲ್ಲ. ಶಾಲೆಯ ಪ್ರಯೋಗಾಲಯದ ಮಸೂರಗಳ ಮೇಲೆ ಮಳೆಗಾಲ ಮುಗಿಯುವಷ್ಟರಲ್ಲಿ ಜೇಡರ ಬಲೆಯಂಥ ಬೂಷ್ಟು ಹಬ್ಬುತ್ತಿತ್ತು. ಇಂಥ ಊರಿನಲ್ಲಿದ್ದುಕೊಂಡು ದೂರದರ್ಶಕ ಕಟ್ಟಬೇಕೆಂಬ ಆಸೆ ಮಗಳಿಗೆ ಹುಟ್ಟಿದ್ದು ವಿಚಿತ್ರವೇ ಸರಿ.

1995ರ ಅಕ್ಟೋಬರಿನಲ್ಲಿ ಎರಡು ಸಂಗತಿಗಳು ನಡೆದವು. ಆ ತಿಂಗಳ 24ರಂದು ಸೂರ್ಯಗ್ರಹಣ. ಉತ್ತರ ಭಾರತದಲ್ಲಿ ಪೂರ್ಣ, ನಮ್ಮಲ್ಲಿ ಪಾರ್ಶ್ವ. ಅದೇ ತಿಂಗಳು ಸ್ವಿಟ್ಜರ್ಲೆಂಡಿನ ಮಿಷೆಲ್ ಮೇಯೋರ್ ಮತ್ತು ದಿದಿಯೆ ಕೆಲೋ ಎಂಬ ಇಬ್ಬರು ವಿಜ್ಞಾನಿಗಳು, ಸೂರ್ಯನಂಥ ಇನ್ನೊಂದು ನಕ್ಷತ್ರಕ್ಕೂ ಗ್ರಹವುಂಟೆಂದು ತೋರಿಸಿಕೊಟ್ಟರು. 2019ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದದ್ದು ಈ ಶೋಧನೆಗಾಗಿಯೇ. ನಾನು ತರಗತಿಯಲ್ಲಿ ಆ ವಾರ್ತೆಯನ್ನು ಓದಿ ಹೇಳಿದೆ. ಎಂಟನೆಯ ತರಗತಿಯಲ್ಲಿದ್ದ ಮಗಳು ಮನೆಗೆ ಬಂದು ಕೇಳಿದ ಪ್ರಶ್ನೆ ಬೇರೆ. "ಅಪ್ಪಾ, ಅವರು ಗ್ರಹಾ ಕಂಡ್ರು, ಸರಿ. ಆದರ ಅದು ಹುಟ್ಟೂದನ್ನ ಯಾರರ ನೋಡ್ಯಾರೇನ್ರಿ?" ಯಾರೂ ನೋಡಿಲ್ಲವೆಂದೆ. "ನೋಡಬೇಕಂದ್ರ ಏನು ಬೇಕ್ರಿ?" "ದೊಡ್ಡ ಕನ್ನಡಿ ಬೇಕವ್ವಾ" ಎಂದು ನಾನು ಬಾಯಿಗೆ ಬಂದ ಉತ್ತರ ಕೊಟ್ಟೆ. ಆ ಉತ್ತರ ನನ್ನನ್ನು ಬಿಡಲಿಲ್ಲ.

1996ರ ಬೇಸಗೆಯಲ್ಲಿ ಬೆಂಗಳೂರಿನಿಂದ ಎರಡು ದಪ್ಪ ಗಾಜಿನ ಬಿಲ್ಲೆಗಳನ್ನೂ ಕಾರ್ಬೊರಂಡಮ್ ಪುಡಿಯ ಪೊಟ್ಟಣಗಳನ್ನೂ ತರಿಸಿದೆವು. ಕೆಲಸದ ಕ್ರಮ ಸರಳ. ಬೇಕಾಗುವ ತಾಳ್ಮೆ ಮಾತ್ರ ಸರಳವಲ್ಲ. ಒಂದು ಬಿಲ್ಲೆಯನ್ನು ಪೀಪಾಯಿಯ ಮೇಲೆ ಭದ್ರಪಡಿಸಿ, ಒದ್ದೆ ಪುಡಿ ಉದುರಿಸಿ, ಇನ್ನೊಂದನ್ನು ಅದರ ಮೇಲಿಟ್ಟು ಹಿಂದಕ್ಕೂ ಮುಂದಕ್ಕೂ ಉಜ್ಜುತ್ತ, ಪೀಪಾಯಿಯ ಸುತ್ತ ಹೆಜ್ಜೆಹೆಜ್ಜೆಯಾಗಿ ತಿರುಗಬೇಕು. ಗಂಟೆಗಟ್ಟಲೆ ಹೀಗೆ ಮಾಡಿದರೆ ಮೇಲಿನ ಗಾಜು ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ನಾಲ್ಕು ಅಡಿ ನಾಭಿದೂರದ ಆರಂಗುಲದ ಕನ್ನಡಿಗೆ ನಡುವಿನ ತಗ್ಗು ಕೇವಲ ಒಂದು ಮಿಲಿಮೀಟರಿಗೆ ತುಸು ಹೆಚ್ಚು. ಮೊದಲು ಒರಟು ಪುಡಿ, ಬಳಿಕ ಸಣ್ಣದು, ಅದಕ್ಕೂ ಸಣ್ಣದು. ಒಂದು ಪುಡಿಯಿಂದ ಇನ್ನೊಂದಕ್ಕೆ ಹೋಗುವಾಗ ಗಾಜು, ಪೀಪಾಯಿ, ಕೈ, ಉಗುರಿನ ಸಂದು ಎಲ್ಲವನ್ನೂ ತೊಳೆಯಬೇಕು. ಹಿಂದಿನ ಪುಡಿಯ ಒಂದೇ ಕಣ ಉಳಿದರೂ ಗಾಜಿನ ಮೇಲೆ ಗೀರು ಬೀಳುತ್ತದೆ. ಕೊನೆಗೆ ರಾಳದ ಮೆತ್ತೆಯ ಮೇಲೆ ಸೀರಿಯಂ ಆಕ್ಸೈಡಿನ ಕೆಂಬಣ್ಣದ ನೀರು ಹಾಕಿ ಹೊಳಪು ಕೊಡಬೇಕು.

ಮಳೆಗಾಲವಿಡೀ ಆ ಕೆಲಸ ನಡೆಯಿತು. ಹೊರಗೆ ಗಡಾಯಿಕಲ್ಲು ಮೋಡದಲ್ಲಿ ಮುಚ್ಚಿಹೋಗಿರುತ್ತಿತ್ತು; ಒಳಗೆ ಪೀಪಾಯಿಯ ಸುತ್ತ ಹದಿನಾಲ್ಕರ ಹುಡುಗಿ ಪ್ರದಕ್ಷಿಣೆ ಹಾಕುತ್ತಿದ್ದಳು. ಒಂದು ಇನ್ನೂರು ಪುಟದ ನೋಟುಪುಸ್ತಕದಲ್ಲಿ ದಿನದಿನದ ಲೆಕ್ಕ ಬರೆದಿಡುತ್ತಿದ್ದಳು: ಯಾವ ಪುಡಿ, ಎಷ್ಟು ಹೊತ್ತು, ಎಷ್ಟು ಸುತ್ತು. ಶಾಲೆಯ ಪ್ರಯೋಗದ ಪುಸ್ತಕ ಹೇಗೆ ಬರೆಯಬೇಕೆಂದು ನಾನೇ ಕಲಿಸಿದ್ದೆ. ಬರೆದದ್ದನ್ನು ಅಳಿಸಬಾರದು, ತಪ್ಪಿದ್ದರೆ ಓದುವಂತೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ತಾರೀಖು ಹಾಕಬೇಕು.

ಆಗಸ್ಟ್ ತಿಂಗಳ ಒಂದು ರಾತ್ರಿ. ಮಗಳು ಮಲಗಿದ್ದಳು. ಹೊಳಪು ಕೊಡುವ ಕೆಲಸ ಮುಕ್ಕಾಲು ಮುಗಿದಿತ್ತು. ಕರೆಂಟು ಹೋಗಿತ್ತು. ನಿದ್ರೆ ಬಾರದೆ ಎದ್ದವನು, ಕಂದೀಲು ಹಚ್ಚಿಕೊಂಡು, ಕೆಳಗೆ ಚೆಲ್ಲಿದ್ದ ಪುಡಿಯ ಡಬ್ಬಿಗಳನ್ನು ಎತ್ತಿಟ್ಟೆ. ಹಾಗೆಯೇ ಕನ್ನಡಿಯ ಮುಂದೆ ನಿಂತೆ. ನಾಲ್ಕು ಕೈ ಉಜ್ಜಿದರೆ ಅವಳ ಕೆಲಸ ಅಷ್ಟು ಹಗುರವಾದೀತೆಂಬ ಆಸೆ; ನಿಜ ಹೇಳಬೇಕೆಂದರೆ, ನನ್ನ ಕೈಯೂ ಅದರಲ್ಲಿರಲೆಂಬ ಚಪಲ. ಕೈ ತೊಳೆಯಲಿಲ್ಲ. ಧೋತರದ ಅಂಚಿಗೆ ಒರೆಸಿಕೊಂಡೆನಷ್ಟೆ. ಮೂರನೆಯ ಉಜ್ಜಿಗೇ 'ಕರ್' ಎಂಬ ಸದ್ದು. ಕಂದೀಲು ಹಿಡಿದು ನೋಡಿದರೆ ಒಂದೂವರೆ ಅಂಗುಲದ ಗೀರು. ನಾನು ಕನ್ನಡಿಯನ್ನು ಇದ್ದಂತೆಯೇ ಇಟ್ಟು, ಬಟ್ಟೆ ಮುಚ್ಚಿ, ದೀಪ ಆರಿಸಿ ಮಲಗಿದೆ.

ಬೆಳಿಗ್ಗೆ ಮಗಳು ಬಟ್ಟೆ ತೆಗೆದು ನೋಡಿ ಅಳತೊಡಗಿದಳು. "ನಾ ಸರಿಯಾಗಿ ತೊಳೀಲಿಲ್ಲ ಅಪ್ಪಾ, ಅವಸರಾ ಮಾಡಿದೆ" ಎಂದಳು. ಆ ಕ್ಷಣದಲ್ಲಿ ನಾನು ಹೇಳಬೇಕಾದ ಮಾತು ಒಂದೇ ಆಗಿತ್ತು. ತರಗತಿಯಲ್ಲಿ ಸತ್ಯವನ್ನು ಕುರಿತು ನೂರು ಸಲ ಉಪದೇಶ ಮಾಡಿದ್ದ ನನ್ನ ಬಾಯಿಂದ ಬಂದದ್ದು, "ಇರಲಿ ಬಿಡವ್ವಾ, ಆದದ್ದಾತು. ಮುಂದ ಮಾತ್ರ ಜ್ವಾಕಿ ಇರಬೇಕು" ಎಂಬ ಮಾತು. ತಪ್ಪು ಮಾಡಿದವನು ತಪ್ಪು ಮಾಡದವಳಿಗೆ ಬುದ್ಧಿ ಹೇಳಿದೆ. ಅವಳು ಕಣ್ಣೊರೆಸಿಕೊಂಡು ಪುಸ್ತಕದಲ್ಲಿ ಬರೆದಳು: 'ನನ್ನ ತಪ್ಪಿನಿಂದ ಗೀರು ಬಿತ್ತು.' ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು.

ಗೀರಿದ್ದರೂ ಕನ್ನಡಿ ಕೆಟ್ಟಿರಲಿಲ್ಲ. ಕತ್ತಲೆಕೋಣೆಯಲ್ಲಿ ಡಬ್ಬಿಯೊಳಗೆ ಬಲ್ಬಿಟ್ಟು, ಸೂಜಿರಂಧ್ರದ ಬೆಳಕನ್ನು ಕನ್ನಡಿಯ ಮೇಲೆ ಬಿಟ್ಟು, ಹಿಂದಿರುಗಿ ಬರುವ ಬೆಳಕನ್ನು ಕ್ಷೌರದ ಬ್ಲೇಡಿನ ಅಂಚಿನಿಂದ ಕತ್ತರಿಸಿ ಪರೀಕ್ಷಿಸಿದೆವು. ಫ್ರಾನ್ಸಿನ ಫೂಕೋ 1858ರಲ್ಲಿ ತಿಳಿಸಿಕೊಟ್ಟ ಪರೀಕ್ಷೆಯದು. ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆಯ ಏರುತಗ್ಗೂ ಅದರಲ್ಲಿ ಗುಡ್ಡಕಣಿವೆಗಳಂತೆ ಕಾಣುತ್ತದೆ. ಬಳಿಕ ಕನ್ನಡಿಯನ್ನು ಹಳೆಯ ಸ್ವೆಟರಿನಲ್ಲಿ ಸುತ್ತಿ, ಚಾರ್ಮಾಡಿ ಘಾಟಿಯ ತಿರುವುಗಳುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಬೆಂಗಳೂರಿಗೆ ಹೋಗಿ, ಅಲ್ಯುಮಿನಿಯಮ್ ಲೇಪ ಮಾಡಿಸಿ ತಂದೆ. ಆ ಚಳಿಗಾಲದಲ್ಲಿ ಶನಿಯನ್ನು ಕಂಡೆವು. ಆಗ ಅದರ ಬಳೆ ನಮಗೆ ಬಹಳ ಓರೆಯಾಗಿದ್ದುದರಿಂದ ಸಣ್ಣ ಗೆರೆಯಂತಿತ್ತು. 1997ರ ಮಾರ್ಚ್ ಕೊನೆಯಲ್ಲಿ ಹೇಲ್-ಬಾಪ್ ಧೂಮಕೇತುವನ್ನು ನೋಡಲು ಬೆಳ್ತಂಗಡಿಯ ನಮ್ಮ ಅಂಗಳಕ್ಕೆ ನೆರೆಕರೆಯವರೆಲ್ಲ ಬಂದರು. "ಮಾಷ್ಟ್ರೆ, ಇದು ನಿಮ್ಮ ಮಗಳೇ ಮಾಡಿದ್ದಾ?" ಎಂದು ಅವರು ಕೇಳಿದಾಗಲೆಲ್ಲ ನನಗೆ ಗೀರೇ ಕಾಣುತ್ತಿತ್ತು.

ಆದರೆ ಅವಳ ಮನಸ್ಸು ನಿಂತದ್ದು ಶನಿಯ ಮೇಲಲ್ಲ, ಧೂಮಕೇತುವಿನ ಮೇಲೂ ಅಲ್ಲ. ಮಹಾವ್ಯಾಧ ನಕ್ಷತ್ರಪುಂಜದ ನಡುವೆ ಹೊಗೆಯ ಹಾಗೆ ಕಾಣುವ ನೀಹಾರಿಕೆಯ ಮೇಲೆ. ಅಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿವೆ. ಹಬಲ್ ದೂರದರ್ಶಕವು 1990ರ ದಶಕದ ಆರಂಭದಲ್ಲಿ ಅಲ್ಲಿನ ಎಳೆಯ ನಕ್ಷತ್ರಗಳ ಸುತ್ತ ದೂಳಿನ ತಟ್ಟೆಗಳಿರುವುದನ್ನು ತೋರಿಸಿತ್ತು. ಆ ತಟ್ಟೆಗಳೇ ಗ್ರಹಗಳ ತವರು. ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1755ರಲ್ಲಿಯೂ ಫ್ರಾನ್ಸಿನ ಲಾಪ್ಲಾಸ್ 1796ರಲ್ಲಿಯೂ ಇದನ್ನು ಊಹಿಸಿದ್ದರು. ತಿರುಗುವ ಅನಿಲ ಮತ್ತು ದೂಳಿನ ಮೋಡವೊಂದು ತನ್ನ ಭಾರಕ್ಕೆ ತಾನೇ ಕುಸಿದು ತಟ್ಟೆಯಾಗುತ್ತದೆ. ನಡುವೆ ನಕ್ಷತ್ರ, ಸುತ್ತ ದೂಳು. ದೂಳಿಗೆ ದೂಳು ಅಂಟಿ ಹರಳಾಗಿ, ಹರಳು ಬಂಡೆಯಾಗಿ, ಬಂಡೆ ಬೆಟ್ಟವಾಗಿ, ಬೆಟ್ಟಗಳು ಒಂದನ್ನೊಂದು ಸೆಳೆದು ಗ್ರಹವಾಗುತ್ತವೆ. ನಾವು ನಿಂತಿರುವ ಭೂಮಿಯೂ ಸುಮಾರು 450 ಕೋಟಿ ವರ್ಷಗಳ ಹಿಂದೆ ಹೀಗೆಯೇ ಕೂಡಿಬಂದದ್ದು.

ಮಗಳು ಭೌತಶಾಸ್ತ್ರ ಓದಿ, ಬಳಿಕ ದ್ಯುತಿಶಾಸ್ತ್ರದಲ್ಲಿ ಉಪಕರಣ ವಿನ್ಯಾಸವನ್ನು ಆರಿಸಿಕೊಂಡಾಗ ನಮ್ಮ ಬಳಗದಲ್ಲಿ ಆಕ್ಷೇಪ ಬಂದದ್ದು ಸಹಜ. "ಇಂಜಿನಿಯರಿಂಗ ಸೀಟು ಬಿಟ್ಟು ದುರ್ಬೀನು ಮಾಡಾಕ ಹೊಂಟಾಳ, ನೀವರ ಬುದ್ಧಿ ಹೇಳಬಾರದೇನು ಭಾವಾ?" ಎಂದು ನನ್ನ ಹೆಂಡತಿಯ ತಮ್ಮ ಕೇಳಿದ. ವರಾನ್ವೇಷಣೆಗೆ ಬಂದ ಒಂದು ಮನೆತನದವರು, ಹುಡುಗಿ ರಾತ್ರಿಯೆಲ್ಲ ಗುಡ್ಡದ ಮೇಲೆ ಕುಳಿತಿರುತ್ತಾಳೋ ಹೇಗೆಂದು ವಿಚಾರಿಸಿದರು. ಅವರಿಗೆ ನಾನು ಕೊಟ್ಟ ವಿವರಣೆಯನ್ನೇ ಇಲ್ಲಿಯೂ ಕೊಡುತ್ತೇನೆ. ಏಕೆಂದರೆ ಈ ವಿದ್ಯೆ ನಮ್ಮ ಕುಟುಂಬಗಳಲ್ಲಿ ಬಹುಮಂದಿಗೆ ಅಪರಿಚಿತ.

ಎಳೆಯ ಗ್ರಹವನ್ನು ನೋಡುವುದೇಕೆ ಕಷ್ಟ? ಒಂದು ಉದಾಹರಣೆ. ಸುಮಾರು 370 ಜ್ಯೋತಿರ್ವರ್ಷ ದೂರದಲ್ಲಿ ಪಿಡಿಎಸ್ 70 ಎಂಬ ಎಳೆಯ ನಕ್ಷತ್ರವಿದೆ. ಅದರ ವಯಸ್ಸು ಐವತ್ತು ಲಕ್ಷ ವರ್ಷಗಳಿಗೆ ತುಸು ಹೆಚ್ಚು. ನಕ್ಷತ್ರಗಳ ಲೆಕ್ಕದಲ್ಲಿ ತೊಟ್ಟಿಲ ಕೂಸು. 2018ರಲ್ಲಿ ಚಿಲಿ ದೇಶದ ದೊಡ್ಡ ದೂರದರ್ಶಕವೊಂದರಿಂದ ಅದರ ತಟ್ಟೆಯ ಖಾಲಿ ಜಾಗದಲ್ಲಿ ಇನ್ನೂ ಬೆಳೆಯುತ್ತಿರುವ ಗ್ರಹವೊಂದು ಸೆರೆಸಿಕ್ಕಿತು, 2019ರಲ್ಲಿ ಇನ್ನೊಂದು. ನಕ್ಷತ್ರಕ್ಕೂ ಮೊದಲ ಗ್ರಹಕ್ಕೂ ನಡುವೆ ನಮಗೆ ಕಾಣುವ ಅಂತರ ಎಷ್ಟೆಂದರೆ, ಮಂಗಳೂರಿನಲ್ಲಿ ಯಾರೋ ಹಿಡಿದ ಹಳೆಯ ಒಂದು ರೂಪಾಯಿ ನಾಣ್ಯದ ಅಗಲವನ್ನು ಬಂಟ್ವಾಳದಲ್ಲಿ ನಿಂತು ನೋಡಿದಷ್ಟು. ಅಷ್ಟೇ ಅಲ್ಲ, ಆ ನಾಣ್ಯದ ಒಂದು ಅಂಚಿನಲ್ಲಿ ದೀಪಸ್ತಂಭದ ದೀಪ ಉರಿಯುತ್ತಿರಬೇಕು, ಇನ್ನೊಂದು ಅಂಚಿನಲ್ಲಿರುವ ಮಿಂಚುಹುಳವನ್ನು ನಾವು ಗುರುತಿಸಬೇಕು. ನಮ್ಮ ಸೂರ್ಯನನ್ನು ದೂರದಿಂದ ನೋಡುವವರಿಗೆ ಗುರುಗ್ರಹವು ಸೂರ್ಯನಿಗಿಂತ ಸುಮಾರು ನೂರು ಕೋಟಿ ಪಾಲು ಮಂದವಾಗಿ ತೋರುತ್ತದೆ. ಎಳೆಯ ಗ್ರಹಗಳು ಹುಟ್ಟಿನ ಬಿಸಿಯಿಂದ ಇನ್ನೂ ಕಾದಿರುವುದರಿಂದ, ಅವಕೆಂಪು ಕಿರಣಗಳಲ್ಲಿ ನೋಡಿದರೆ ಈ ಅಂತರ ಸಾವಿರ, ಲಕ್ಷಗಳ ಲೆಕ್ಕಕ್ಕೆ ಇಳಿಯುತ್ತದೆ. ಉಪಕರಣ ರಚಿಸುವವರು ಹಿಡಿಯುವುದು ಈ ಸಂದನ್ನೇ.

ಬಂಟ್ವಾಳದಲ್ಲಿ ಯಕ್ಷಗಾನದ ಬಯಲಾಟ ನೋಡಿದ ಹಿರಿಯರಿಗೆ ಒಂದು ಅನುಭವವಿರಬಹುದು. ಗ್ಯಾಸ್‌ಲೈಟಿನ ಎದುರು ಕುಳಿತರೆ ಕಣ್ಣು ಕೋರೈಸಿ ಅದರ ಪಕ್ಕದ ವೇಷಧಾರಿ ಕಾಣುವುದಿಲ್ಲ. ಅಂಗೈಯನ್ನು ದೀಪಕ್ಕೆ ಅಡ್ಡ ಹಿಡಿದರೆ ಕಾಣುತ್ತಾನೆ. ದೂರದರ್ಶಕದೊಳಗೆ ಈ ಅಂಗೈಯ ಕೆಲಸ ಮಾಡುವ ಸಾಧನಕ್ಕೆ ಕರೋನಾಗ್ರಾಫ್ ಎಂದು ಹೆಸರು. ಫ್ರಾನ್ಸಿನ ಬರ್ನಾರ್ ಲಿಯೋ ಎಂಬಾತ 1930ರ ಸುಮಾರಿಗೆ, ಗ್ರಹಣವಿಲ್ಲದ ದಿನಗಳಲ್ಲಿಯೂ ಸೂರ್ಯನ ಹೊರ ಕಿರೀಟವನ್ನು ನೋಡಲು ಇದನ್ನು ರಚಿಸಿದ. 1984ರಲ್ಲಿ ಇದೇ ಉಪಾಯದಿಂದ ಬೀಟಾ ಪಿಕ್ಟೋರಿಸ್ ಎಂಬ ನಕ್ಷತ್ರದ ಬೆಳಕನ್ನು ಮರೆಮಾಡಿದಾಗ, ಅದರ ಸುತ್ತಲಿನ ದೂಳಿನ ತಟ್ಟೆ ಮೊದಲ ಬಾರಿಗೆ ಚಿತ್ರದಲ್ಲಿ ಮೂಡಿತು.

ಎರಡನೆಯ ಕಷ್ಟ ನಮ್ಮ ಗಾಳಿ. ಕುದಿಯುವ ಎಸರಿನ ಆವಿಯಾಚೆಗೆ ಗೋಡೆ ನಡುಗುವಂತೆ, ವಾಯುಮಂಡಲದಾಚೆಗೆ ನಕ್ಷತ್ರ ನಡುಗುತ್ತದೆ. ಅದಕ್ಕೆ ಪ್ರತಿಯಾಗಿ ಒಂದು ತೆಳು ಕನ್ನಡಿಯನ್ನು ಕ್ಷಣಕ್ಕೆ ನೂರಾರು ಸಲ ಬಾಗಿಸಿ ಆ ನಡುಕವನ್ನು ತಿದ್ದುತ್ತಾರೆ. ಮೂರನೆಯದು ಶಾಖ. ಅವಕೆಂಪು ಕಿರಣಗಳಲ್ಲಿ ಬಿಸಿಯಿರುವ ವಸ್ತುವೆಲ್ಲ ಬೆಳಗುತ್ತದೆ, ಉಪಕರಣವೂ ಬೆಳಗುತ್ತದೆ. ತನ್ನ ಕೈಯಲ್ಲಿಯೇ ಪಂಜು ಹಿಡಿದು ಮಿಂಚುಹುಳ ಹುಡುಕಿದಂತೆ. ಆದ್ದರಿಂದ ಮಸೂರ, ಕನ್ನಡಿ, ಚೌಕಟ್ಟು ಎಲ್ಲವನ್ನೂ ನಿರ್ವಾತದ ಪಾತ್ರೆಯಲ್ಲಿಟ್ಟು, ದ್ರವ ಸಾರಜನಕದ ಮಟ್ಟಕ್ಕೆ, ಅಂದರೆ ಸೊನ್ನೆಗಿಂತ 196 ಡಿಗ್ರಿ ಕೆಳಗಿನವರೆಗೆ, ಕೆಲವೊಮ್ಮೆ ಅದಕ್ಕೂ ಕೆಳಗೆ ತಂಪಾಗಿಸುತ್ತಾರೆ. ಅಷ್ಟು ತಂಪಿನಲ್ಲಿ ಒಂದು ಮೀಟರ್ ಅಲ್ಯುಮಿನಿಯಮ್ ಸುಮಾರು ನಾಲ್ಕು ಮಿಲಿಮೀಟರ್ ಕುಗ್ಗುತ್ತದೆ. ಗಾಜು ಅಷ್ಟು ಕುಗ್ಗುವುದಿಲ್ಲ. ಬೆಚ್ಚಗಿದ್ದಾಗ ಸರಿಯಾಗಿ ಕೂತ ಮಸೂರ ತಣ್ಣಗಾದಾಗಲೂ ಸರಿಯಾಗಿ ಕೂತಿರುವಂತೆ ಲೆಕ್ಕ ಹಾಕುವುದೇ ಈ ವಿದ್ಯೆಯ ಬಹುಪಾಲು ಶ್ರಮ. ರೇಡಿಯೋ ಅಲೆಗಳಲ್ಲಿ ನೋಡುವ ದಾರಿ ಬೇರೆ. ಚಿಲಿಯ 5,000 ಮೀಟರ್ ಎತ್ತರದ ಮರುಭೂಮಿಯಲ್ಲಿರುವ ಆಲ್ಮಾ ಎಂಬ 66 ತಟ್ಟೆಗಳ ವೀಕ್ಷಣಾಲಯ 2014ರಲ್ಲಿ ಎಚ್.ಎಲ್. ಟಾವ್ ಎಂಬ ಎಳೆಯ ನಕ್ಷತ್ರದ ಸುತ್ತ, ರಾಗಿಕಲ್ಲಿನ ಮೇಲಿನ ಹಿಟ್ಟಿನ ಸುತ್ತುಗಳಂತೆ ಕಾಣುವ ಉಂಗುರಗಳನ್ನು ತೋರಿಸಿಕೊಟ್ಟಿತು.

ಇದೆಲ್ಲ ಪರದೇಶದವರ ವ್ಯವಹಾರವೆಂದು ತಿಳಿಯಬೇಕಾಗಿಲ್ಲ. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಉಪಕರಣಶಾಲೆಯಲ್ಲಿಯೇ ತಮಿಳುನಾಡಿನ ಕಾವಲೂರಿನ 2.3 ಮೀಟರ್ ದೂರದರ್ಶಕದ ಕನ್ನಡಿಯನ್ನು ಉಜ್ಜಿ ಸಿದ್ಧಪಡಿಸಿದರು. ಅದರ ಕನಸು ಕಂಡ ವೇಣು ಬಾಪು ಅವರು 1982ರಲ್ಲಿ ತೀರಿಕೊಂಡರು. ದೂರದರ್ಶಕ ಅವರ ಹೆಸರಿನಲ್ಲಿ ಲೋಕಾರ್ಪಣೆಯಾದದ್ದು 1986ರ ಜನವರಿಯಲ್ಲಿ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರ್ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಮೂಲಕ ನಡೆಸುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ಹಾರಿದ ಆದಿತ್ಯ-ಎಲ್1 ನೌಕೆಯ ಮುಖ್ಯ ಕರೋನಾಗ್ರಾಫ್ ಸಿದ್ಧವಾದದ್ದೂ ಹೊಸಕೋಟೆಯಲ್ಲಿಯೇ. ಹವಾಯಿ ದ್ವೀಪದ ಹತ್ತು ಮೀಟರಿನ ಕೆಕ್ ದೂರದರ್ಶಕಕ್ಕಾಗಿ, ಎಳೆಯ ಗ್ರಹಗಳ ಶಾಖವನ್ನೇ ನೇರವಾಗಿ ಹಿಡಿಯಲೆಂದು ಕ್ಯಾಲಿಫೋರ್ನಿಯಾದವರ ಮುಂದಾಳುತನದಲ್ಲಿ ರೂಪುಗೊಂಡ 'ಸ್ಕೇಲ್ಸ್' ಎಂಬ ಉಪಕರಣದಲ್ಲಿ, ಚಿತ್ರ ತೆಗೆಯುವ ಭಾಗದ ವಿನ್ಯಾಸಕ್ಕೆ ಇದೇ ಬೆಂಗಳೂರಿನ ಸಂಸ್ಥೆಯ ವಿಜ್ಞಾನಿಗಳು ಕೈಜೋಡಿಸಿದ್ದಾರೆ. 492 ತುಂಡು ಕನ್ನಡಿಗಳನ್ನು ಜೋಡಿಸಿ ಕಟ್ಟಬೇಕೆಂದಿರುವ ಮೂವತ್ತು ಮೀಟರ್ ದೂರದರ್ಶಕದ ಯೋಜನೆಯಲ್ಲಿ ಭಾರತ 2014ರಲ್ಲಿ ಪಾಲುದಾರನಾಯಿತು. ಹವಾಯಿಯ ಮೂಲನಿವಾಸಿಗಳು ಆ ಪರ್ವತವನ್ನು ಪವಿತ್ರವೆಂದು ಭಾವಿಸುವುದರಿಂದ 2015ರಿಂದಲೂ ವಿರೋಧವೆದ್ದು ಅಲ್ಲಿ ಕಟ್ಟಡ ಮೇಲೇಳಲಿಲ್ಲ. ಇಂಥ ಕೆಲಸಕ್ಕೆ ಕೈಹಾಕಿದವರು ತಮ್ಮ ಜೀವಮಾನದಲ್ಲಿಯೇ ಫಲ ಕಾಣುವೆವೆಂಬ ಖಾತರಿಯಿಟ್ಟುಕೊಳ್ಳುವಂತಿಲ್ಲ.

ಮೂಡುಬಿದಿರೆಯಲ್ಲಿ ನೆಲೆಸಿದ ನನಗೆ ಈ ಮಾತು ಹೊಸದಲ್ಲ. ಇಲ್ಲಿನ ಸಾವಿರ ಕಂಬದ ಬಸದಿಯ ಕಂಬಗಳನ್ನು ನೋಡುವಾಗಲೆಲ್ಲ, ಒಂದರಂತೆ ಇನ್ನೊಂದಿಲ್ಲದಂತೆ ಅವುಗಳನ್ನು ಕಡೆದು ಉಜ್ಜಿದ ಕೈಗಳು ನೆನಪಾಗುತ್ತವೆ. ಇದೇ ಊರಿನಲ್ಲಿ ಧವಲಾ ಗ್ರಂಥದ ತಾಳೆಯ ಓಲೆಗಳನ್ನು ಶತಮಾನಗಳ ಕಾಲ ಈ ಮಳೆ, ಈ ಬೂಷ್ಟುಗಳಿಂದ ಕಾಪಾಡಿಟ್ಟರು. ಅದು ಅಚ್ಚಾಗಿ ಲೋಕದ ಕೈಗೆ ಬರತೊಡಗಿದ್ದು 1939ರಿಂದ. ಕಾಪಾಡಿದವರಲ್ಲಿ ಎಷ್ಟೋ ಮಂದಿ ಅದು ಹೊರಬಂದದ್ದನ್ನು ಕಾಣಲಿಲ್ಲ.

ಮಗಳು ಕೆಲಸಕ್ಕೆ ಸೇರಿದ ಮೇಲೆ ಒಮ್ಮೆ ಹೇಳಿದ್ದಳು: "ಅಪ್ಪಾ, ನಮ್ಮ ಆ ಕನ್ನಡಿಗೆ ಗೀರಿದ್ದರೂ ಶನಿ ಕಂಡಿತ್ತು. ಇಲ್ಲೆ ಹಂಗ ನಡೆಯೂದಿಲ್ರಿ. ಗೀರು ಬೆಳಕನ್ನ ಚೆಲ್ಲತೈತಿ. ಆ ಚೆಲ್ಲಿದ ಬೆಳಕಿನ್ಯಾಗ ಗ್ರಹಾ ಮುಚ್ಚಿಹೋಗತೈತಿ." ಲಿಯೋ ತನ್ನ ಕರೋನಾಗ್ರಾಫಿಗೆ ಒಂದು ಗುಳ್ಳೆ, ಒಂದು ಗೀರೂ ಇಲ್ಲದ ಗಾಜನ್ನು ಹುಡುಕಿ ಆರಿಸಿದ್ದನಂತೆ. ಆದಿತ್ಯದ ಕನ್ನಡಿಯನ್ನೂ ಇದೇ ಕಾರಣಕ್ಕಾಗಿ ಅತಿ ನುಣುಪಾಗಿ ಉಜ್ಜಿದ್ದಾರೆ. ಮಗಳ ಜೊತೆಯವರು ಅವಳನ್ನು 'ಮೂರು ಸಲ ತೊಳೆಯುವವಳು' ಎಂದು ಹಾಸ್ಯ ಮಾಡುವರಂತೆ. ಅದನ್ನು ಕೇಳಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ನಗು ಗಂಟಲಲ್ಲಿ ಸಿಕ್ಕಿತು.

2024ರ ಆರಂಭದಲ್ಲಿ ಅವಳ ತಂಡದಲ್ಲಿ ಒಂದು ಅನಾಹುತವಾಯಿತು. ಪರೀಕ್ಷೆಗೆಂದು ತಂಪಾಗಿಸಿದ ಸಣ್ಣ ಕ್ಯಾಮೆರಾವೊಂದರಲ್ಲಿ ಮಸೂರ ಸೀಳಿತು. ಗಾಜಿನಲ್ಲಿ ದೋಷವಿರಬಹುದು, ತಂಪಾಗಿಸಿದ ವೇಗ ಹೆಚ್ಚಾಗಿರಬಹುದು ಎಂದು ಎಲ್ಲರೂ ತರ್ಕಿಸಿದರು. ಇವಳು ರಾತ್ರಿ ಕುಳಿತು ತನ್ನ ಲೆಕ್ಕವನ್ನು ಮೊದಲಿನಿಂದ ನೋಡಿದಳು. ಮಸೂರವನ್ನು ಹಿಡಿದ ಅಲ್ಯುಮಿನಿಯಮ್ ಬಳೆಯ ಕುಗ್ಗುವಿಕೆಯನ್ನು ಒಂದು ಸಾಲಿನಲ್ಲಿ ಬಿಟ್ಟಿದ್ದಳು. ಐದು ಸೆಂಟಿಮೀಟರ್ ಬಳೆ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು ಕುಗ್ಗಿ ಗಾಜನ್ನು ಅಮುಕಿತ್ತು. ಬೆಳಿಗ್ಗೆ ಹಿರಿಯರ ಮುಂದೆ ಹೋಗಿ, ತಪ್ಪು ತನ್ನದೆಂದು ಹೇಳಿದಳು. ಹೊಸ ಮಸೂರಕ್ಕಾಗಿ ಕೆಲಸ ಕೆಲವು ತಿಂಗಳು ಹಿಂದೆ ಬಿತ್ತು.

ಆ ವರ್ಷದ ದೀಪಾವಳಿಗೆ ಮನೆಗೆ ಬಂದಾಗ ಈ ಸಂಗತಿಯನ್ನು ಹೇಳಿದಳು. ನಾನು, ತಂದೆಯ ಸ್ವಾರ್ಥದಿಂದಲೋ ಏನೋ, "ಯಾರಿಗೂ ಗೊತ್ತಿದ್ದಿಲ್ಲಲಾ, ಸುಮ್ಮನಿದ್ದರ ಆಗತಿತ್ತು" ಎಂದುಬಿಟ್ಟೆ. ಅವಳು ಆಶ್ಚರ್ಯದಿಂದ ನನ್ನನ್ನು ನೋಡಿದಳು.

"ಏನ್ ಮಾತಾಡ್ತೀರಿ ಅಪ್ಪಾ? ಕನ್ನಡಿ ಗೀರಿದಾಗ ನಾ ನನ್ನ ತಪ್ಪು ಅಂತ ಒಪ್ಪಿಕೊಂಡೆ, ನೀವು ಒಂದು ಮಾತೂ ಬೈಲಿಲ್ಲ. ತಪ್ಪು ಒಪ್ಪಿಕೊಂಡ್ರ ಲೋಕಾ ಮುಳುಗೂದಿಲ್ಲ ಅಂತ ನಾ ಕಲತಿದ್ದು ಅವತ್ತ. ಕಲಿಸಿದವರು ನೀವ."

ಎಪ್ಪತ್ತು ದಾಟಿದ ನಾನು ಜೀವಮಾನದಲ್ಲಿ ಪಡೆದ ಪ್ರಶಂಸೆಗಳಲ್ಲಿ ಇದೇ ದೊಡ್ಡದು. ಇದೊಂದೇ ಸುಳ್ಳಿನ ಮೇಲೆ ನಿಂತದ್ದು. ನನಗೆ ಕೂಡಲಾಗಲಿಲ್ಲ. ಗೂಡಿನಿಂದ ಕನ್ನಡಿಯನ್ನು ತಂದು ಅವಳ ಮುಂದಿಟ್ಟು, ಆ ರಾತ್ರಿಯ ಕಂದೀಲು, ತೊಳೆಯದ ಕೈ, ಧೋತರದ ಅಂಚು ಎಲ್ಲವನ್ನೂ ಹೇಳಿದೆ. ಬೆಳಿಗ್ಗೆ ಕೊಟ್ಟ ಉಪದೇಶವನ್ನೂ ಬಿಡಲಿಲ್ಲ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಒಳಗಿನಿಂದ ಬಂದ ಹೆಂಡತಿ, "ನನಗ ಅಂದ ಗೊತ್ತಿತ್ತು. ನೀವ ಹೇಳತೀರಿ ಅಂತ ಕಾಯಕೋತ ಕುಂತಿದ್ದೆ. ಭಾಳ ತಡಾ ಮಾಡಿದ್ರಿ" ಎಂದಳು.

ಮಗಳು ಕನ್ನಡಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಗೀರನ್ನು ನೋಡಿದಳು. ಕೋಪ ಮಾಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಯಾವ ನಂಬರಿನ ಪುಡಿ ಮುಟ್ಟಿದ್ರಿ ಅಪ್ಪಾ?" ಎಂದು ಕೇಳಿದಳು.

"ನೂರಾ ಇಪ್ಪತ್ತು ಇರಬೇಕವ್ವಾ."

"ಹೌದು, ಗೀರಿನ ಅಗಲಾ ನೋಡಿದ್ರ ಅಷ್ಟ ಇರಬೇಕು" ಎಂದಳು. ಆಮೇಲೆ ಎದ್ದುಹೋಗಿ ಟ್ರಂಕಿನ ತಳದಿಂದ ಆ ಹಳೆಯ ನೋಟುಪುಸ್ತಕವನ್ನು ತಂದಳು. ಪುಟಗಳ ಅಂಚು ಮಳೆಗಾಲಗಳಿಂದ ಕಂದಾಗಿದ್ದವು. ಹದಿನಾಲ್ಕರ ಹುಡುಗಿಯ ದುಂಡು ಅಕ್ಷರಗಳು ಮಾಸಿರಲಿಲ್ಲ. 'ನನ್ನ ತಪ್ಪಿನಿಂದ ಗೀರು ಬಿತ್ತು' ಎಂಬ ಸಾಲನ್ನು ಹುಡುಕಿ, ಅದು ಓದುವಂತೆಯೇ ಉಳಿಯಲೆಂದು ಅದರ ಮೇಲೆ ಒಂದೇ ಗೆರೆ ಎಳೆದಳು. ಪಕ್ಕದಲ್ಲಿ ಬರೆದಳು: 'ತಿದ್ದುಪಡಿ. ಗೀರು ಅಪ್ಪನ ಕೈಯಿಂದ. 120ನೆಯ ನಂಬರಿನ ಪುಡಿ.' ಆ ದಿನದ ತಾರೀಖು ಹಾಕಿ, ಪುಸ್ತಕವನ್ನೂ ಪೆನ್ನನ್ನೂ ನನ್ನ ಮುಂದಕ್ಕೆ ಸರಿಸಿದಳು.

ನಾನು ಕೆಳಗೆ ಸಹಿ ಮಾಡಿದೆ.